ಸಹಾಯ ಬೇಕು: ವಿಮಾನದಲ್ಲಿ ಅಮ್ಮನ ಆಕ್ಸಿಜನ್ 86ಕ್ಕೆ ಇಳಿದಿತ್ತು

ಅಮ್ಮನಿಗೆ ಸಿಒಪಿಡಿ (ಉಸಿರಾಟಕ್ಕೆ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ನೆಲದ ಮೇಲೆ ಸುಮ್ನೆ ಕೂತಿದ್ದಾಗ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ನೋಡುವ ಸಾಧನ) 94 ತೋರಿಸುತ್ತದೆ. ಹೋದ ತಿಂಗಳು ವಿಮಾನ ಮೇಲೇರಿ ಮುಕ್ಕಾಲು ಗಂಟೆ ಆದಮೇಲೆ ಬೆರಳಿಗೆ ಹಾಕಿ ನೋಡಿದೆ. 86! ಕೈ ತಣ್ಣಗೆ ಕೊರೆಯುತ್ತಿತ್ತು. ನನ್ನ ಎರಡೂ ಅಂಗೈಯಲ್ಲಿ ಹಿಡಿದು ಉಜ್ಜಿದೆ, ಬೇರೆ ಬೆರಳಿಗೆ ಹಾಕಿದೆ, ಒಂದು ನಿಮಿಷ ಕೈ ಅಲ್ಲಾಡಿಸದೆ ಕಾದೆವು. 89 ಬಂತು, ಮತ್ತೆ 87. ಅಮ್ಮ ಮಾತ್ರ "ನನಗೇನೂ ಆಗಿಲ್ಲ, ನಿದ್ದೆ ಬರ್ತಿದೆ ಬಿಡು" ಅಂದರು. ನನಗೆ ಹೆದರಿಕೆ ಆಗಿದ್ದೇ ಆ ಮಾತಿಗೆ. ಆಕ್ಸಿಜನ್ ಕಮ್ಮಿಯಾದಾಗ ಮಂಪರು ಬರುತ್ತದೆ, ಆದರೆ ತೊಂದರೆ ಆಗಿದೆ ಅಂತ ಅವರಿಗೇ ಗೊತ್ತಾಗದೆ ಇರಬಹುದು, ಅಲ್ವಾ?

ಕ್ಯಾಬಿನ್ ಒಳಗಿನ ಒತ್ತಡ ಸಾಮಾನ್ಯವಾಗಿ 6000ದಿಂದ 8000 ಅಡಿ ಎತ್ತರದಲ್ಲಿ ಇದ್ದ ಹಾಗೆ ಇರುತ್ತದೆ, ಆರೋಗ್ಯವಂತರಿಗೂ ಅಂಕಿ ಸ್ವಲ್ಪ ಇಳಿಯುತ್ತದೆ ಅಂತ ಗೊತ್ತು. ನನ್ನದೇ ಆಗ 93 ಇತ್ತು.

ಈಗ ಎಂಟು ಗಂಟೆಯ ಪ್ರಯಾಣ ಬಂದಿದೆ. ವಿಮಾನದಲ್ಲಿ ಹೇಗಾಗಬಹುದು ಅಂತ ಮೊದಲೇ ತಿಳಿಯಲು ಶೇಕಡಾ 15 ಆಕ್ಸಿಜನ್ ಇರುವ ಗಾಳಿ ಉಸಿರಾಡಿಸಿ ನೋಡುವ ಪರೀಕ್ಷೆಗೆ ವೈದ್ಯರು ಬರೆದುಕೊಟ್ಟಿದ್ದಾರೆ, ಮಾಡಿಸುತ್ತೇವೆ. ಆದರೆ ಮೇಲೆ ಹೋದಮೇಲೆ ಪಕ್ಕದಲ್ಲಿ ಕೂತು ನೋಡುವವಳು ನಾನೇ. ತಣ್ಣಗಿನ ಬೆರಳಿನ ತಪ್ಪು ಅಂಕಿ ಯಾವುದು, ನಿಜವಾದ ಇಳಿತ ಯಾವುದು ಅಂತ ಹೇಗೆ ಗುರುತಿಸುವುದು? ಎಷ್ಟಕ್ಕೆ ಇಳಿದು, ಎಷ್ಟು ನಿಮಿಷ ಹಾಗೇ ಇದ್ದರೆ ಕ್ಯಾಬಿನ್ ಸಿಬ್ಬಂದಿಯನ್ನು ಕರೆದು ಆಕ್ಸಿಜನ್ ಕೇಳಬೇಕು?