ಸಹಾಯ ಬೇಕು: ಬ್ರಿಟನ್ನಿನಲ್ಲಿ ಸಮಾಲೋಚನೆಯಿಲ್ಲದೆ ರಿಡಂಡೆನ್ಸಿ (ಹುದ್ದೆ ರದ್ದಾಗಿ ಕೆಲಸ ಹೋಗುವುದು)

ಮಾನ್ಯರೇ, ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮೂರು ವರ್ಷಗಳಿಂದ ದುಡಿಯುತ್ತಿದ್ದ ನನ್ನನ್ನು, ಒಂದು ಸಭೆಯನ್ನೂ ಕರೆಯದೆ, ಹುದ್ದೆಯೇ ರದ್ದಾಗಿದೆಯೆಂಬ ಇಮೇಲ್ ಕಳುಹಿಸಿ ಕಂಪನಿಯು ಕೆಲಸದಿಂದ ತೆಗೆದಿದೆ. ಒಂದೇ ಕಚೇರಿಯಲ್ಲಿ 90 ದಿನಗಳೊಳಗೆ 20 ಅಥವಾ ಹೆಚ್ಚು ಮಂದಿಯನ್ನು ತೆಗೆಯುವುದಾದರೆ ಕನಿಷ್ಠ 30 ದಿನ ಮುಂಚೆ ಸಾಮೂಹಿಕ ಸಮಾಲೋಚನೆ (ನೌಕರರ ಪ್ರತಿನಿಧಿಗಳೊಡನೆ ಚರ್ಚೆ) ಆರಂಭಿಸಬೇಕೆಂಬ ನಿಯಮವಿದೆ. ನಮ್ಮಲ್ಲಿ ಹೋದವರು ಹನ್ನೆರಡೇ ಜನ, ಆದ್ದರಿಂದ ಯಾರೊಡನೆಯೂ ಚರ್ಚಿಸಬೇಕಾಗಿರಲಿಲ್ಲ ಎಂಬುದು ಎಚ್.ಆರ್. ವಿಭಾಗದ ವಾದ. ಕಾನೂನಿನ ಅರ್ಧವನ್ನಷ್ಟೇ ಓದಿ ಹೇಳುವ ಜಾಣತನ ಇದೆಂದು ನನ್ನ ಅನಿಸಿಕೆ. ಲಿಖಿತ ಮೇಲ್ಮನವಿಗೂ ಅದೇ ಉತ್ತರ ಬಂತು. ಸಂಖ್ಯೆ ಕಡಿಮೆಯಿದ್ದರೂ ಪ್ರತಿಯೊಬ್ಬರೊಡನೆ ನ್ಯಾಯಯುತವಾಗಿ ಸಮಾಲೋಚಿಸಬೇಕೆಂದು ಉದ್ಯೋಗ ವಿವಾದಗಳಲ್ಲಿ ಸಲಹೆ, ಸಂಧಾನ ನೀಡುವ ಬ್ರಿಟನ್ನಿನ ಸಾರ್ವಜನಿಕ ಸಂಸ್ಥೆ ಏಕಾಸ್‌ನ (Acas) ಸಹಾಯವಾಣಿಯವರು ತಿಳಿಸಿದ್ದಾರೆ. ಗೊಂದಲವಿರುವುದು ಇಲ್ಲಿ: ಕಂಪನಿಯ ಮೇಲೆ ದೂರು ಹೂಡುವುದಿಲ್ಲವೆಂಬ ಒಪ್ಪಂದ ಪತ್ರಕ್ಕೆ ಸಹಿ ಹಾಕದೆ, ಶಾಸನಬದ್ಧ ರಿಡಂಡೆನ್ಸಿ ಹಣವನ್ನು ಮಾತ್ರ ಸ್ವೀಕರಿಸಿದರೆ, ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ನಲ್ಲಿ (ಉದ್ಯೋಗ ನ್ಯಾಯಮಂಡಳಿಯಲ್ಲಿ) ಅನ್ಯಾಯದ ವಜಾ ಎಂದು ದೂರು ಸಲ್ಲಿಸುವ ನನ್ನ ಹಕ್ಕು ಉಳಿಯುತ್ತದೆಯೇ? ಇಂಥ ಪ್ರಕರಣ ನಡೆಸಿದವರು ದಯವಿಟ್ಟು ತಿಳಿಸಿ.