ಪಮೇರಿಯನ್ ಅಂತ ತಂದ ನಾಯಿಮರಿ 4.5 ಕೆಜಿ ಆಗಿದೆ, ಊಟ ಕಡಿಮೆ ಮಾಡಬೇಕಾ?

ಬೇಲೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಒಬ್ಬರ ಹತ್ತಿರ ಬಿಳಿ ಮರಿ ತಂದೆವು. ಪಮೇರಿಯನ್ ಅಂತಲೇ ಕೊಟ್ಟರು. ಪೇಪರ್ ಏನೂ ಇಲ್ಲ. ಅವರ ಲೆಕ್ಕದಲ್ಲಿ ಈಗ ಐದು ತಿಂಗಳು. ತೂಕ ನೋಡಿದರೆ 4.5 ಕೆಜಿ. ಪಮೇರಿಯನ್ ಪೂರ್ತಿ ಬೆಳೆದ ಮೇಲೂ 3 ಕೆಜಿ ಆಸುಪಾಸು ಇರುತ್ತೆ ಅಂತಾರಲ್ವಾ? ಕೊಟ್ಟವರಿಗೆ ಫೋನ್ ಮಾಡಿದೆ. "ತಿನ್ನಿಸೋದು ಜಾಸ್ತಿ ಆಗಿದೆ, ದಿನಕ್ಕೆ ಒಂದೇ ಹೊತ್ತು ಹಾಕಿ, ಚಿಕ್ಕದಾಗೇ ಇರುತ್ತೆ" ಅಂದರು. ಮರಿ ಖಾಲಿ ತಟ್ಟೆ ನೆಕ್ಕುತ್ತಾ ಕೂರುತ್ತೆ, ಅಮ್ಮನಿಗೆ ನೋಡೋಕಾಗುತ್ತಿಲ್ಲ. ಮುಖದ ಕೂದಲು ಬೇರೆ ಉದುರಿದೆ. ಇದು ಪಮೇರಿಯನ್ನಾ, ಇಲ್ಲಾ ಅದರ ಹಾಗೇ ಕಾಣೋ ಇಂಡಿಯನ್ ಸ್ಪಿಟ್ಜಾ?

ಸಕಲೇಶಪುರ ತೋಟದವರು:
ತಮ್ಮಾ, ತಳಿ ಆಮೇಲೆ ನೋಡೋಣ. ಊಟ ಇವತ್ತೇ ಸರಿ ಮಾಡಿ. ಈ ವಯಸ್ಸಿಗೆ ದಿನಕ್ಕೆ ಮೂರು ಹೊತ್ತು ಬೇಕು. ಊಟ ಕಮ್ಮಿ ಮಾಡಿದರೆ ತಳಿ ಬದಲಾಗಲ್ಲ, ಬೆಳೆಯೋ ಮೂಳೆಗೆ ಪೆಟ್ಟು ಬೀಳುತ್ತೆ ಅಷ್ಟೆ. ಅದು ನಿಜವಾಗಿ ಪಮೇರಿಯನ್ನೇ ಆಗಿದ್ದರೆ ಇನ್ನೂ ಅಪಾಯ. ಅಷ್ಟು ಚಿಕ್ಕ ಮರಿ ತುಂಬಾ ಹೊತ್ತು ಹಸಿದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ತೂರಾಡುತ್ತೆ, ಬಿದ್ದೇ ಹೋಗಬಹುದು.

ದಪ್ಪ ಆಗಿದೆಯಾ ಅಂತ ತಕ್ಕಡಿ ಒಂದೇ ಹೇಳಲ್ಲ. ಕೂದಲಿನ ಒಳಗೆ ಕೈ ಹಾಕಿ ಪಕ್ಕೆಲುಬಿನ ಮೇಲೆ ಬೆರಳಾಡಿಸಿ. ಒತ್ತದೇನೇ ಒಂದೊಂದು ಎಲುಬೂ ಸಿಕ್ಕರೆ, ಮೇಲೆ ತೆಳುವಾಗಿ ಮಾಂಸ ಇದ್ದರೆ ಸರಿಯಾಗಿದೆ. ಬೆನ್ನೆಲುಬು ಚೂಪಾಗಿ ಚುಚ್ಚಿದರೆ ಬಡಕಲು. ಒತ್ತಿ ಹುಡುಕಬೇಕಾಗಿ ಬಂದರೆ ಮಾತ್ರ ದಪ್ಪ.

ಈಗ ತಳಿ. ಕೂದಲು ನೋಡಿ ತೀರ್ಮಾನ ಮಾಡಬೇಡಿ. ಮರಿ ಕೂದಲು ಉದುರಿ ದೊಡ್ಡ ಕೂದಲು ಬರೋ ವಯಸ್ಸು ಇದು, ಎರಡು ತಳಿಯೂ ಆಗ ಬೋಳು ಬೋಳಾಗಿ ಕಾಣುತ್ತವೆ. ಚರ್ಮ ಕೆಂಪಾಗಿದ್ದರೆ, ಕೆರೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಅದು ಬೇರೆ ಕಥೆ. ಬಣ್ಣವೂ ಪೂರ್ತಿ ಸಾಕ್ಷಿಯಲ್ಲ. ಬಿಳಿ ಪಮೇರಿಯನ್ ಇದೆ, ಆದರೆ ಕಿತ್ತಳೆ ಬಣ್ಣದ್ದೇ ಜಾಸ್ತಿ.

ನೋಡಬೇಕಾದ್ದು ಮೂತಿ. ಒಂದು ದಾರ ತಗೊಂಡು ಎರಡು ಕಣ್ಣಿನ ನಡುವಿನಿಂದ ಮೂಗಿನ ತುದಿವರೆಗೆ ಅಳೆಯಿರಿ. ಆಮೇಲೆ ಅದೇ ಜಾಗದಿಂದ ತಲೆಬುರುಡೆಯ ಹಿಂದಿನ ಗಂಟಿನವರೆಗೆ. ಪಮೇರಿಯನ್‌ಗೆ ಮೂತಿ ಬುರುಡೆಯ ಅರ್ಧದಷ್ಟು ಇರಬೇಕು. ಕಿವಿ ಪುಟ್ಟದು, ಒಂದಕ್ಕೊಂದು ಹತ್ತಿರ. ಬೆನ್ನು ಗಿಡ್ಡ. ಭುಜದ ಎತ್ತರ 18ರಿಂದ 24 ಸೆಂ.ಮೀ. ಇಂಡಿಯನ್ ಸ್ಪಿಟ್ಜ್‌ಗೆ ಮೂತಿ ಉದ್ದ, ಕಿವಿ ದೊಡ್ಡದು, ಕಾಲು ಎತ್ತರ. ಅದರಲ್ಲೇ ಚಿಕ್ಕದು 5ರಿಂದ 7 ಕೆಜಿ, ದೊಡ್ಡದು 12 ಕೆಜಿ ಮೇಲೆ.

ತೂಕ ಒಂದನ್ನೇ ಹಿಡಿದು ಹೇಳೋಕೆ ನನಗೆ ಧೈರ್ಯ ಇಲ್ಲ. ಒಳ್ಳೆ ವಂಶದ ಪಮೇರಿಯನ್ ಕೂಡ ಒಮ್ಮೊಮ್ಮೆ 5 ಕೆಜಿ ದಾಟುತ್ತೆ. ವಯಸ್ಸು ಸರಿಯಾ ಅಂತ ಹಲ್ಲು ನೋಡಿ. ಮುಂದಿನ ಹಾಲುಹಲ್ಲು ಬಿದ್ದು ಹೊಸದು ಬಂದಿದ್ದರೆ ನಾಲ್ಕು ತಿಂಗಳು ದಾಟಿದೆ. ಹೊಸ ಕೋರೆಹಲ್ಲು ಇಣುಕೋದು ಐದಾರು ತಿಂಗಳಿಗೆ.

ಚಿಕ್ಕಮಗಳೂರು ರಾಣಿ:
ಅಕ್ಕಪಕ್ಕದವರು "ಮೋಸ ಹೋದ್ರಿ" ಅಂತ ಚುಚ್ಚಿದರೆ ತಲೆ ಕೆಡಿಸ್ಕೋಬೇಡಿ. ನಮ್ಮ ಕಡೆ 80, 90ರ ದಶಕದಿಂದ ಬಿಳಿ ಜೂಲಿನ ನಾಯಿಗೆಲ್ಲಾ ಪಮೇರಿಯನ್ ಅಂತಲೇ ಹೆಸರು. ಹಿಂದೆ ಯುರೋಪಿನಲ್ಲೂ ಪಮೇರಿಯನ್ ದೊಡ್ಡದಾಗೇ ಇತ್ತು. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಿಂದ ಚಿಕ್ಕದನ್ನು ತಂದ ಮೇಲೆ ಚಿಕ್ಕದಕ್ಕೇ ಬೇಡಿಕೆ ಬಂತು. ಪಮೇರಿಯನ್, ಇಂಡಿಯನ್ ಸ್ಪಿಟ್ಜ್ ಎರಡೂ ಜರ್ಮನ್ ಸ್ಪಿಟ್ಜ್ ಬಳಗದವೇ. ನಮ್ಮ ಇಂಡಿಯನ್ ಸ್ಪಿಟ್ಜ್ ಇಲ್ಲಿಯ ಸೆಖೆಗೆ ಹೊಂದಿಕೊಂಡು ಬೆಳೆದಿದೆ. ತೋಟದ ಮನೆಗೆ ನಾನಂತೂ ಅದನ್ನೇ ಆರಿಸುತ್ತೇನೆ.

ಇನ್ನೊಂದು ವಿಷಯ, ಸೆಖೆ ಅಂತ ಪೂರ್ತಿ ಬೋಳಿಸಬೇಡಿ. ಒಳಗಡೆ ಹತ್ತಿಯಂಥ ಕೂದಲು, ಹೊರಗೆ ಉದ್ದ ಕೂದಲು, ಹೀಗೆ ಎರಡು ಪದರ ಇದೆ. ಬೋಳಿಸಿದರೆ ಕೆಲವಕ್ಕೆ ತಿಂಗಳುಗಟ್ಟಲೆ ಸರಿಯಾಗಿ ಬೆಳೆಯಲ್ಲ. ಬಾಚಿದರೆ ಸಾಕು. ಮಳೆಗಾಲದಲ್ಲಿ ಒಳಪದರ ಒಣಗಿದೆಯಾ ಅಂತ ಬೆರಳಿಟ್ಟು ನೋಡಿ. ಕಿವಿಯೊಳಗೆ, ಬೆರಳಸಂದಿಯಲ್ಲಿ ರಕ್ತ ಹೀರೋ ಉಣ್ಣೆ ಹುಳ ಇದೆಯಾ ಅಂತಲೂ ನೋಡಿ.

ಬೇಲೂರು ಹುಡುಗ:
ಅಣ್ಣಾ, ಅಕ್ಕಾ, ತುಂಬಾ ಥ್ಯಾಂಕ್ಸ್. ಅಳೆದೆವು. ಮೂತಿ 7 ಸೆಂ.ಮೀ., ಹಿಂದಿನ ಭಾಗ 9. ಭುಜದ ಎತ್ತರ 30. ಪಕ್ಕೆಲುಬು ಚೆನ್ನಾಗಿ ಸಿಗುತ್ತೆ, ಬೆನ್ನು ಸ್ವಲ್ಪ ಚೂಪು. ಮುಂದಿನ ಹಲ್ಲೆಲ್ಲಾ ಹೊಸದು. ಮೇಲಿನ ಕೋರೆಹಲ್ಲು ಮಾತ್ರ ಒಂದೇ ಜಾಗದಲ್ಲಿ ಎರಡೆರಡು ಇದೆ, ಸೂಜಿಯಂಥದ್ದು ಒಂದು, ದಪ್ಪದ್ದು ಒಂದು. ಅಮ್ಮ ಆಗಲೇ ಅನ್ನಕ್ಕೆ ಮೊಟ್ಟೆ ಕಲಸಿ ಹಾಕಿದರು.

ಸಕಲೇಶಪುರ ತೋಟದವರು:
ಅನುಮಾನವೇ ಬೇಡ, ನಿಮ್ಮದು ಪಮೇರಿಯನ್ ಅಲ್ಲ. ಈಗಲೇ 30 ಸೆಂ.ಮೀ. ಇದೆ, ಇನ್ನೂ ಬೆಳೆಯುತ್ತೆ. ಪೇಪರ್ ಇಲ್ಲದ ಮೇಲೆ ಅಪ್ಪಟ ತಳಿ ಅಂತ ಯಾರೂ ಬರೆದು ಕೊಡೋಕಾಗಲ್ಲ, ಆದರೆ ಲಕ್ಷಣ ಎಲ್ಲಾ ಇಂಡಿಯನ್ ಸ್ಪಿಟ್ಜ್‌ನದು. ದಪ್ಪ ಖಂಡಿತ ಅಲ್ಲ, ಸ್ವಲ್ಪ ಸೊರಗಿದೆ. ಮೊಟ್ಟೆ ಅನ್ನ ಸರಿ, ಆದರೆ ಬರೀ ಅದರಲ್ಲಿ ಕ್ಯಾಲ್ಸಿಯಂ ಸಾಲಲ್ಲ. ಮುಖ್ಯ ಊಟ ಅಂಗಡಿಯಲ್ಲಿ ಸಿಗೋ ನಾಯಿಮರಿಗಳ ಆಹಾರವೇ ಇರಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ.

ಎರಡು ಕೋರೆಹಲ್ಲು ಚಿಕ್ಕ ನಾಯಿಗಳಲ್ಲಿ ಆಗೋದೇ. ಹಾಲುಹಲ್ಲು ಬೀಳದೆ ನಿಂತರೆ ಹೊಸದು ವಾರೆಯಾಗಿ ಬೆಳೆಯುತ್ತೆ, ಸಂದಿಯಲ್ಲಿ ಊಟ ಸಿಕ್ಕಿಕೊಂಡು ಒಸಡು ಕೆಡುತ್ತೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಇಲ್ಲಾ ನಿಮ್ಮೂರ ಡಾಕ್ಟರಿಗೆ ಈ ವಾರವೇ ತೋರಿಸಿ. ಮನೆಯಲ್ಲಿ ಕೀಳೋಕೆ ಮಾತ್ರ ಹೋಗಬೇಡಿ, ಬೇರು ಉದ್ದ ಇರುತ್ತೆ, ಮುರಿಯುತ್ತೆ.