ವೈರಿಗೆ ನಾವೇ ದುಡ್ಡು ಕೊಟ್ಟು ದೊಡ್ಡ ಯುದ್ಧ ಮಾಡಿಸಿದ್ದೀರಾ? ಅನುಭವ ಹೇಳಿ

ಬಾಣಸವಾಡಿ ಬಿಲ್ಲುಗಾರ:
ಕಂಪ್ಯೂಟರ್ ಗೇಮ್ ಮಾತು ಇದು. ಮೀಡಿಯೇವಲ್ 2 ಟೋಟಲ್ ವಾರ್, ನಾನು ಇಂಗ್ಲೆಂಡ್, 90ನೇ ಟರ್ನ್ (ಆಟದ ಸರದಿ). ಖಜಾನೆಯಲ್ಲಿ 60 ಸಾವಿರ ಫ್ಲೋರಿನ್ ಸುಮ್ನೆ ಕೊಳೆಯುತ್ತಿದೆ. ಫ್ರಾನ್ಸ್‌ಗೆ ಉಳಿದಿರುವುದು ಎರಡೇ ಊರು. ಯುದ್ಧಕ್ಕೆ ಬಂದರೆ ಎರಡು ತುಕಡಿ ರೈತರು, ಒಬ್ಬ ಕ್ಯಾಪ್ಟನ್, ಅಷ್ಟೇ. ಅವರಿಗೇ ದುಡ್ಡು ಕೊಟ್ಟರೆ ದೊಡ್ಡ ಸೈನ್ಯ ಕಟ್ಟುತ್ತಾರಾ? ಎಷ್ಟು ಕೊಡಬೇಕು? ಮಾಡಿ ನೋಡಿದವರು ಹೇಳಿ.

ಗುಬ್ಬಿ ಕ್ಯಾಪ್ಟನ್:
ಮಿಲಾನ್‌ಗೆ ಮಾತ್ರ ಕೊಡಬೇಡಿ. ನಾನು ವೆನಿಸ್ ಆಡುತ್ತಿದ್ದೆ. ಟರ್ನ್‌ಗೆ 1,500ರಂತೆ 10 ಟರ್ನ್ ಕಪ್ಪ ಕೊಡುವುದು ಅಂತ ಒಪ್ಪಂದ ಮಾಡಿಕೊಂಡೆ. ಮೊದಲ ಮೂರು ಟರ್ನ್ ಏನೂ ಆಗಲಿಲ್ಲ. ನಾಲ್ಕನೆಯದರಲ್ಲಿ ಎರಡು ಹಡಗು. ಐದರಲ್ಲಿ ಮತ್ತೆ ಮೂರು ಹಡಗು. ಏಳರಲ್ಲಿ ಅದೇ ಹಡಗು ತಂದು ನನ್ನ ಬಂದರಿಗೇ ದಿಗ್ಬಂಧನ ಹಾಕಿದರು! 10,500 ಫ್ಲೋರಿನ್ ಕೊಟ್ಟು ನನ್ನ ವ್ಯಾಪಾರಕ್ಕೆ ನಾನೇ ಬೀಗ ಹಾಕಿಸಿಕೊಂಡೆ.

ಕೊನೆಗೊಂದು ದಿನ 20 ತುಕಡಿಯ ಪೂರ್ತಿ ಸೈನ್ಯ ಬಂತು ಅನ್ನಿ. ಅದರಲ್ಲಿ 11 ಬರೀ ಮಿಲಿಷಿಯಾ, ಅಂದರೆ ಊರ ಕಾವಲಿನ ಸಾಧಾರಣ ಪಡೆ. ಇರಲಿ, ಸೇತುವೆ ಮೇಲೆ ಒಳ್ಳೆ ಕಾದಾಟ ನಡೆದಿತ್ತು. ಆಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಯುದ್ಧದ ನಡುವೆ ಸೇವ್ ಇಲ್ಲ, ಗೊತ್ತಲ್ಲ. ಮತ್ತೆ ಲೋಡ್ ಮಾಡಿದರೆ ಅವರು ಬರಲೇ ಇಲ್ಲ, ಬೇರೆ ಕಡೆ ಹೋದರು. ಹೊಸ ಬ್ಯಾಟರಿಗೆ 1,900 ರೂಪಾಯಿ. ಅದನ್ನೂ ಮಿಲಾನ್ ಲೆಕ್ಕಕ್ಕೇ ಬರೆದಿದ್ದೇನೆ.

ಆಂಟಿಯೋಕ್ ಅಣ್ಣ:
ನೀವು ಏಳು ಟರ್ನ್‌ಗೇ ಅಳುತ್ತಿದ್ದೀರಿ. ನಾನು 2004ರ ಹಳೇ ರೋಮ್ ಟೋಟಲ್ ವಾರ್ ಗೇಮ್‌ನಲ್ಲಿ ಸೆಲ್ಯೂಸಿಡ್‌ಗಳನ್ನು (ಸಿರಿಯಾ ಕಡೆಯ ಗ್ರೀಕ್ ರಾಜವಂಶ) ಬದುಕಿಸಲು ಹೋದವನು. ಪಾಪ, ಪ್ರತಿ ಸಲವೂ ಸಾಯುವವರು ಅವರೇ. ಒಂದು ಕಡೆ ಈಜಿಪ್ಟ್, ಇನ್ನೊಂದು ಕಡೆ ಪಾರ್ಥಿಯಾ, ತಲೆ ಮೇಲೆ ಪಾಂಟಸ್, ಆರ್ಮೇನಿಯಾ. ನಾನು ಬ್ರೂಟೈ, ಆಟದ ಒಂದು ರೋಮನ್ ಮನೆತನ. ಟ್ಯಾರೆಂಟಮ್‌ನಿಂದ ರಾಯಭಾರಿಯನ್ನು ಹಡಗಲ್ಲಿ ಕಳಿಸಿದೆ. ಕಡಲ್ಗಳ್ಳರು ಮುಳುಗಿಸಿದರು. ಇನ್ನೊಬ್ಬನನ್ನು ಕಳಿಸಿದೆ, ಅವನು ತಲುಪುವಷ್ಟರಲ್ಲಿ ಆಂಟಿಯೋಕ್ ಈಜಿಪ್ಟ್ ಪಾಲಾಗಿತ್ತು. ಆಮೇಲೆ ಅವನು ಸಾರ್ಡಿಸ್‌ವರೆಗೆ ನಡೆದ.

ಎಲ್ಲ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. 5 ಸಾವಿರದಂತೆ ಏಳು ಸಲ, ಕೊನೆಗೆ 8 ಸಾವಿರ. ಒಟ್ಟು 43 ಸಾವಿರ ಡಿನಾರಿ. ಕಡೆಗೂ ಬಂದರು ನೋಡಿ! ಫ್ಯಾಲಂಕ್ಸ್ ಸಾಲು (ಉದ್ದ ಈಟಿ ಹಿಡಿದು ಒತ್ತಾಗಿ ನಿಲ್ಲುವ ಕಾಲಾಳು), ಎರಡು ತುಕಡಿ ಆನೆ. ನನ್ನ ಈಟಿಯವರು ಎಸೆದ ಏಟಿಗೆ ಆನೆಗಳಿಗೆ ಮದವೇರಿ, ಹಿಂದೆ ತಿರುಗಿ ಅವರದೇ ಫ್ಯಾಲಂಕ್ಸ್ ತುಳಿದವು. ಹನ್ನೆರಡು ನಿಮಿಷಕ್ಕೆ ಕತೆ ಮುಗಿಯಿತು. ಆದರೂ 43 ಸಾವಿರ ದಂಡ ಅಂತ ನಾನು ಒಪ್ಪುವುದಿಲ್ಲ.

ಸಾಗರದವ:
ಎಲ್ಲರೂ ನಗದು ಸುರಿಯುತ್ತೀರಲ್ಲ, ನೇಮಕಾತಿ ಹೇಗೆ ನಡೆಯುತ್ತದೆ ಅಂತ ನೋಡಿದ್ದೀರಾ? ಮೀಡಿಯೇವಲ್ 2ರಲ್ಲಿ ಪ್ರತಿ ಊರಿಗೂ ಇಷ್ಟೇ ತುಕಡಿ ಅಂತ ದಾಸ್ತಾನು ಇರುತ್ತದೆ. ಖಾಲಿಯಾದರೆ ನಿಧಾನಕ್ಕೆ ತುಂಬುತ್ತದೆ. ಲಕ್ಷ ಫ್ಲೋರಿನ್ ಕೊಟ್ಟರೂ ಎರಡು ಪಟ್ಟಣದವನು ಮಿಲಿಷಿಯಾ ಮಾತ್ರ ಕಟ್ಟಬಲ್ಲ. ನೈಟ್‌ಗಳು ಬೇಕಾದರೆ ಕೋಟೆ ಬೇಕು.

ನಾನು ಬೈಜಾಂಟಿಯಮ್. ತುರ್ಕರಿಂದ ಗೆದ್ದ ಒಂದು ಕೋಟೆಯನ್ನು ಸಿಟಡೆಲ್‌ವರೆಗೆ (ಕೋಟೆಯ ಅತಿ ದೊಡ್ಡ ಹಂತ) ಏರಿಸಿ, ಬ್ಯಾರಕ್, ಕುದುರೆ ಲಾಯ ಎಲ್ಲ ಕಟ್ಟಿಸಿ ಅವರಿಗೇ ವಾಪಸ್ ಕೊಟ್ಟೆ. 22 ಸಾವಿರ, 14 ಟರ್ನ್. ದುಡ್ಡು ಕೊಟ್ಟಿದ್ದು ಆಮೇಲೆ, ಅದೂ ಬರೀ 6 ಸಾವಿರ. ಹತ್ತು ಟರ್ನ್ ಕಳೆದ ಮೇಲೆ ಮೂರು ಪೂರ್ತಿ ಸೈನ್ಯ ಒಟ್ಟಿಗೆ ಬಂತು. ನನ್ನ ಒಳ್ಳೆ ಜನರಲ್ ಸತ್ತ, ಏಳು ಸ್ಟಾರ್‌ನವನು. ಎರಡು ದಿನ ಆಟ ಮುಟ್ಟಲಿಲ್ಲ.

ಗುಬ್ಬಿ ಕ್ಯಾಪ್ಟನ್:
14 ಟರ್ನ್ ಕೂತು ವೈರಿಗೆ ಕುದುರೆ ಲಾಯ ಕಟ್ಟಿಸುವಷ್ಟು ಪುರುಸೊತ್ತು ನಮಗಿಲ್ಲ ಸಾರ್. ಕನ್ಸೋಲ್ (ಆಟದೊಳಗೆ ಆಜ್ಞೆ ಟೈಪ್ ಮಾಡುವ ಕಿಟಕಿ) ತೆಗೆದು ದುಡ್ಡು ಸೇರಿಸುವ ಆ್ಯಡ್ ಮನಿ ಹೊಡೆದರೆ ಮುಗೀತು.

ಸಾಗರದವ:
ಅದಕ್ಕೆ ಮೋಸ ಅಂತಾರೆ. ನಮ್ಮ ಖಜಾನೆ ಕರಗಬೇಕು, ಆಗಲೇ ಯುದ್ಧಕ್ಕೆ ಬೆಲೆ. ಅಷ್ಟು ಅವಸರ ಇದ್ದವರು ಆಟದ ಶುರುವಿನ ಸ್ಥಿತಿ ಬರೆದಿರುವ descr_strat ಫೈಲ್‌ನಲ್ಲಿ ಶುರುವಿನ ದುಡ್ಡನ್ನೇ ಏರಿಸಿ ಹೊಸದಾಗಿ ಆಡಲಿ.

ಗುಬ್ಬಿ ಕ್ಯಾಪ್ಟನ್:
ಫೈಲ್ ತಿದ್ದುವುದು ಮೋಸ ಅಲ್ಲ, ಕನ್ಸೋಲ್ ಮೋಸ! ಭಲೇ ನ್ಯಾಯ.

ತುಂಗಭದ್ರೆ 1444:
ನಾನು ಯುರೋಪಾ ಯೂನಿವರ್ಸಾಲಿಸ್ 4 ಅನ್ನುವ ಇನ್ನೊಂದು ಗೇಮಿನವನು. ವಿಜಯನಗರ ಹಿಡಿದು, ತಾಳಿಕೋಟೆಯಂಥ ಯುದ್ಧ ಆಗಲಿ ಅಂತ ಬಹಮನಿಗಳಿಗೆ ತಿಂಗಳಿಗೆ 8 ಡುಕಾಟ್ ಸಬ್ಸಿಡಿ ಕೊಟ್ಟೆ. ಐದು ವರ್ಷ, 480 ಡುಕಾಟ್. ಅವರು ಮೊದಲು ಮಾಡಿದ್ದು ಸಾಲ ತೀರಿಸಿದ್ದು. ಆಮೇಲೆ ಸೈನ್ಯ ಕಟ್ಟಿದರು, ನಿಜ. ಆದರೆ ನನ್ನ ಮೇಲೆ ಬರಲಿಲ್ಲ. ಉತ್ತರಕ್ಕೆ ತಿರುಗಿ ಮಾಳವವನ್ನು ನುಂಗಿದರು. ಇಪ್ಪತ್ತು ವರ್ಷ ಬಿಟ್ಟು ನನ್ನ ಕಡೆ ತಿರುಗಿದಾಗ ನನ್ನ ಎರಡರಷ್ಟಿದ್ದರು. ರಾಯಚೂರು ಹೋಯಿತು. ರಾಜಧಾನಿಯೂ ಹೋಯಿತು. ತಾಳಿಕೋಟೆ ಬೇಕು ಅಂದಿದ್ದೆ, ಸಿಕ್ಕಿತು.

ಆಂಟಿಯೋಕ್ ಅಣ್ಣ:
ಅದರಲ್ಲಿ ಯುದ್ಧ ಎಲ್ಲಿ ಕಾಣುತ್ತದೆ ಮಾರಾಯ್ರೆ? ಎರಡು ಗೊಂಬೆ ಕುಣಿಯುತ್ತವೆ, ಅಂಕಿ ಇಳಿಯುತ್ತದೆ. ಕಾಂಬ್ಯಾಟ್ ವಿಡ್ತ್ (ಒಟ್ಟಿಗೆ ಕಾದಾಡಬಲ್ಲ ಸಾಲಿನ ಅಗಲ) ಮೀರಿದವರು ಹಿಂದೆ ನಿಂತು ಸರದಿ ಕಾಯುತ್ತಾರೆ.

ತುಂಗಭದ್ರೆ 1444:
ನಿಮ್ಮ ಆನೆ ಹನ್ನೆರಡು ನಿಮಿಷಕ್ಕೆ ತಿರುಗಿ ಓಡಿತಲ್ಲ, ಅದಕ್ಕಿಂತ ವಾಸಿ.

ಕೃಷ್ಣಾತೀರ:
ಒಂದು ಮಾತು. 1565ರ ಯುದ್ಧ ನಡೆದಿದ್ದು ತಾಳಿಕೋಟೆ ಊರಲ್ಲಿ ಅಲ್ಲ. ಕೃಷ್ಣೆಯ ಹತ್ತಿರದ ರಕ್ಕಸಗಿ, ತಂಗಡಗಿ ಕಡೆ. ಅದಕ್ಕೇ ರಕ್ಕಸತಂಗಡಿ ಅನ್ನುವುದು. ಮತ್ತೆ ಆಗ ಬಹಮನಿ ರಾಜ್ಯವೇ ಇರಲಿಲ್ಲ. ಒಡೆದು ಐದಾಗಿತ್ತು.

ತುಂಗಭದ್ರೆ 1444:
ಗೊತ್ತು ಸಾರ್. ನನ್ನ ಆಟದಲ್ಲಿ ಒಡೆಯಲಿಲ್ಲ, ಯಾಕೆಂದರೆ ಸಾಲ ತೀರಿಸಿದವನು ನಾನು.

ರೋನಿನ್ ರಾಜಾಜಿನಗರ:
ಜಪಾನಿನ ಕತೆಯ ಶೋಗನ್ 2 ಆಡಿ. ಕೀರ್ತಿ ಜಾಸ್ತಿ ಆದರೆ ರೆಲ್ಮ್ ಡಿವೈಡ್. ದೇಶಕ್ಕೆ ದೇಶವೇ ಮೈಮೇಲೆ ಬೀಳುತ್ತದೆ. ಒಂದು ಕೋಕು (ಅಲ್ಲಿನ ದುಡ್ಡು) ಖರ್ಚಿಲ್ಲ.

ಸಾಗರದವ:
ಅದು ಶಿಕ್ಷೆ, ಯುದ್ಧ ಅಲ್ಲ. ಮಿತ್ರನೂ ಕೈ ಕೊಡುತ್ತಾನೆ.

ಕೃಷ್ಣಾತೀರ:
ವೈರಿಗೇ ದುಡ್ಡು ಕೊಡುವುದು ಇತಿಹಾಸದಲ್ಲಿ ಎಲ್ಲಿದೆ, ಇದೆಲ್ಲ ಮಕ್ಕಳಾಟ.

ಆಂಟಿಯೋಕ್ ಅಣ್ಣ:
1805ರಲ್ಲಿ ನೆಪೋಲಿಯನ್ ವಿರುದ್ಧ ಹೋರಾಡಲು ಬ್ರಿಟನ್ ರಷ್ಯಾಕ್ಕೆ ಒಂದು ಲಕ್ಷ ಸೈನಿಕರಿಗೆ ವರ್ಷಕ್ಕೆ ಹನ್ನೆರಡೂವರೆ ಲಕ್ಷ ಪೌಂಡ್ ಅಂತ ಒಪ್ಪಂದ ಮಾಡಿಕೊಂಡಿತ್ತಲ್ಲ. ಆ ವರ್ಷದ ಕೊನೆಗೆ ಆಸ್ಟರ್‌ಲಿಟ್ಜ್ ಕದನ. ದೊಡ್ಡ ಯುದ್ಧ ಆಯಿತಾ ಇಲ್ಲವಾ?

ಕೃಷ್ಣಾತೀರ:
ಅದು ವೈರಿಯ ವೈರಿಗೆ ಕೊಟ್ಟಿದ್ದು. ನಿಮ್ಮ ಹಾಗೆ ತನ್ನ ಎದೆಗೆ ಗುರಿ ಇಡುವವನಿಗೆ ಮದ್ದು ಹಂಚಿದ್ದಲ್ಲ.

ಬಾಣಸವಾಡಿ ಬಿಲ್ಲುಗಾರ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಫ್ರಾನ್ಸ್‌ಗೆ 8 ಸಾವಿರ ಕೊಟ್ಟು ನೋಡಿದೆ. ಐದು ಟರ್ನ್ ಆಯಿತು. ಒಂಬತ್ತು ಹಡಗು ಕಟ್ಟಿದ್ದಾರೆ.

ಗುಬ್ಬಿ ಕ್ಯಾಪ್ಟನ್:
ಬಂದರಿನ ಬಾಗಿಲು ನೋಡಿಕೊಳ್ಳಿ ಗುರೂ.

ಸಾಗರದವ:
ಕೋಟೆ ಕೊಡಿ ಅಂದೆ. ಯಾರು ಓದುತ್ತಾರೆ ಇಲ್ಲಿ.